ನಾಲ್ಕು ಹನಿ ರಕ್ತ, ಸೋಮವಾರದ ಚೌಕಾಶಿ

ಬಸುರಿನ ಮೊದಲ ದಿನಗಳಲ್ಲಿ ಬಟ್ಟೆಯ ಮೇಲೆ ರಕ್ತ ಕಂಡು, ಯಾರಿಗೆ ಹೇಳಲಿ ಎಂದು ತಿಳಿಯದೆ, ಬಚ್ಚಲ ಬಾಗಿಲು ಹಾಕಿಕೊಂಡು ನಿಂತ ಹೆಂಗಸು ಇದನ್ನು ಓದುತ್ತಿದ್ದರೆ, ಮೊದಲು ಈ ಪುಟ ಮಡಚಿಟ್ಟು ಡಾಕ್ಟರ ಹತ್ತಿರ ಹೋಗಿ ಬರಲಿ. ಓದುವುದು ಆಮೇಲೂ ಆಗುತ್ತದೆ. ಹೋಗಿ ಬಂದವರಿಗೆ, ಹೋಗಲು ಹಿಂದೆಮುಂದೆ ನೋಡುತ್ತಿರುವವರ ಮನೆಯವರಿಗೆ, ನನ್ನ ಕಥೆ ಹೇಳುತ್ತೇನೆ.

ನನ್ನ ಹೆಸರು ಪಾರ್ವತಿ. ಶಿರಸಿ ಪೇಟೆಯಲ್ಲಿ ಅವಲಕ್ಕಿ ಪಾರಕ್ಕ ಎಂದರೇ ಗುರುತು. ಗುಡ್ನಾಪುರದ ಕಡೆಯವಳು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂರುವ ಮೊದಲೇ ಮದುವೆಯಾಯಿತು. ಗಂಡ ಚನ್ನಬಸಪ್ಪನ ಮನೆಯಲ್ಲಿ ಆಗ ಇದ್ದದ್ದು ಎರಡು ಒನಕೆ, ಭತ್ತ ಹುರಿಯುವ ಒಂದು ಬಾಣಲೆ, ಮತ್ತು ನಮ್ಮತ್ತೆಯ ಬಾಯಿ. ಒನಕೆಯಲ್ಲಿ ಕುಟ್ಟಿದ ಅವಲಕ್ಕಿಯನ್ನು ತಲೆಯ ಮೇಲೆ ಹೊತ್ತು ಶಿರಸಿಗೆ ತಂದು ಬೀದಿ ಬೀದಿ ಮಾರಿದವಳು ನಾನು. ಆರೇಳು ವರ್ಷದಲ್ಲಿ ಪೇಟೆಯಲ್ಲೇ ಒಂದು ಬಾಡಿಗೆ ಮನೆ ಹಿಡಿದು, ಮುಂದಿನ ಕೋಣೆಯಲ್ಲಿ ಅಂಗಡಿ ಹಾಕಿದೆವು. ಮಂಗಳವಾರ ಶಿರಸಿ ಸಂತೆ, ಭಾನುವಾರ ಯಲ್ಲಾಪುರದ ಸಂತೆ. ತೂಗುವವನು ಗಂಡ, ಮಾತಾಡುವವಳು ನಾನು. ದಿನಕ್ಕೆ ಹತ್ತು ಮಾತಾಡಿದರೆ ಅವನಿಗೆ ಹೆಚ್ಚು.

ಭತ್ತ ಕೊಳ್ಳುವಾಗ ನಾನು ಒಂದು ಕೆಲಸ ತಪ್ಪದೆ ಮಾಡುತ್ತಿದ್ದೆ. ಚೀಲದ ಬಾಯಿ ಬಿಚ್ಚಿ ಮೇಲಿನ ಒಂದು ಹಿಡಿ ತೋರಿಸಿ ಎಲ್ಲರೂ ಮಾರುತ್ತಾರೆ. ಮೇಲಿನ ಹಿಡಿ ಯಾವತ್ತೂ ಚಿನ್ನ. ನನ್ನ ಹತ್ತಿರ ಒಂದು ಮೊಳದುದ್ದದ ಕಬ್ಬಿಣದ ಕೊಳವೆ ಇತ್ತು, ತುದಿ ಚೂಪು, ಮಧ್ಯ ಟೊಳ್ಳು. ಅದನ್ನು ಚೀಲದ ಹೊಟ್ಟೆಗೇ ಚುಚ್ಚಿ ಎಳೆದರೆ ತಳದ ಕಾಳು ಕೊಳವೆಯೊಳಗೆ ಬರುತ್ತದೆ. ನೀರು ಹಿಡಿದ ಭತ್ತವನ್ನು ತಳಕ್ಕೆ ಹಾಕಿ ಮೇಲೆ ಒಣ ಭತ್ತ ಮುಚ್ಚಿ ತಂದವರೆಷ್ಟೋ ಜನ ನನ್ನ ಕೊಳವೆಗೆ ಸಿಕ್ಕಿಬಿದ್ದಿದ್ದಾರೆ. "ಪಾರಕ್ಕ, ನೀ ಚೀಲಕ್ಕೂ ಇಂಜೆಕ್ಷನ್ ಕೊಡ್ತಿ" ಎಂದು ಪೇಟೆಯವರು ನಗುತ್ತಿದ್ದರು. ಹೊಸದಾಗಿ ವ್ಯಾಪಾರಕ್ಕೆ ಇಳಿದ ಹೆಂಗಸರಿಗೆಲ್ಲ ನಾನು ಹೇಳುತ್ತಿದ್ದ ಮೊದಲ ಬುದ್ಧಿವಾದವೇ ಅದು: ಚೀಲದ ಬಾಯಿ ನಂಬಬೇಡಿ.

ಇಷ್ಟು ಗೊತ್ತಿದ್ದವಳು ನನ್ನ ಮೈಯ ವಿಷಯದಲ್ಲಿ ಏನು ಮಾಡಿದೆ ಎಂಬುದೇ ಈ ಕಥೆ.

ಮೊದಲನೆಯ ಬಸುರಿನಲ್ಲಿ, ಮೂರನೇ ತಿಂಗಳು ಹಿಡಿಯುವಾಗ, ನನಗೆ ರಕ್ತ ಹೋಗಿತ್ತು. ನಮ್ಮತ್ತೆ ನೀಲವ್ವ ಎದೆ ಬಡಿದುಕೊಂಡು "ಹೊಟ್ಟಿ ಹೋತು" ಎಂದು ಓಣಿಗೆಲ್ಲ ಸಾರಿದಳು. ಐದು ದಿನ ಕಂಡು ತಾನೇ ನಿಂತಿತು. ತಿಂಗಳು ತುಂಬಿ ನನ್ನ ಮಗಳು ಗಿರಿಜಾ ಹುಟ್ಟಿದಳು, ಕುಂಬಳಕಾಯಿಯ ಹಾಗೆ. ಅಲ್ಲಿಂದ ನಾನು ಪೇಟೆಯ ಬಸುರಿಯರಿಗೆಲ್ಲ ಅಧ್ಯಾಪಕಿಯಾದೆ. ಯಾರಾದರೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಬಂದು "ಪಾರಕ್ಕ, ಕೆಂಪು ಕಂಡ್ತು" ಎಂದರೆ ನಾನು ತಕ್ಕಡಿ ಬಿಡದೆಯೇ ಹೇಳುತ್ತಿದ್ದೆ: "ನಂಗೂ ಹಿಂಗ ಆಗಿತ್ತು. ಏನೂ ಆಗಂಗಿಲ್ಲ. ಮನೀಗೆ ಹೋಗಿ ಕಾಲು ಚಾಚಿ ಮಲಕ್ಕೋ." ಮೂವರಿಗೋ ನಾಲ್ವರಿಗೋ ಹೇಳಿದ್ದೇನೆ. ಒಂದು ಚೀಲದ ಮಾದರಿ ತೋರಿಸಿ ಇನ್ನೊಂದು ಚೀಲ ಮಾರುವುದು ಮೋಸ ಎಂದು ಮಾರುಕಟ್ಟೆಯಲ್ಲಿ ಜಗಳ ತೆಗೆಯುತ್ತಿದ್ದವಳಿಗೆ, ತಾನು ಮಾಡುತ್ತಿರುವುದೂ ಅದೇ ಎಂದು ಹೊಳೆಯಲಿಲ್ಲ.

ಗಿರಿಜಾಳಿಗೆ ನಾಲ್ಕು ತುಂಬಿದಾಗ ಎರಡನೆಯ ಬಾರಿ ತಿಂಗಳು ತಪ್ಪಿತು. ಸೇರು ಹೋಗಿ ಕಿಲೋ ಬಂದ ಹೊಸತು. ಗಿರಾಕಿಗಳಿಗೆ ಲೆಕ್ಕ ತಿಳಿಸಿ ಹೇಳುವುದರಲ್ಲೇ ದಿನ ಮುಗಿಯುತ್ತಿತ್ತು. ಒಂದು ಗುರುವಾರ ಬೆಳಿಗ್ಗೆ ಬಚ್ಚಲಲ್ಲಿ ನೋಡಿದೆ. ನಾಲ್ಕು ಹನಿ. ಕೆಂಪೂ ಅಲ್ಲ, ಹಳೆಯ ಬೆಲ್ಲದ ಬಣ್ಣ. ಮರುಕ್ಷಣವೇ ನಾನೇ ನನಗೆ ಹೇಳಿಕೊಂಡೆ, ಮೊದಲಿನ ಸಲ ಇದರ ಹತ್ತರಷ್ಟು ಹೋಗಿತ್ತು, ಇದು ಯಾವ ಲೆಕ್ಕ.

ಶುಕ್ರವಾರವೂ ಹನಿ ಇತ್ತು. ಜೊತೆಗೆ ಬಲಗಡೆ, ಸೀರೆ ಕಟ್ಟುವ ಜಾಗಕ್ಕಿಂತ ಕೆಳಗೆ, ಒಂದೇ ಕಡೆ ಯಾರೋ ಚಿವುಟಿದಂಥ ನೋವು. ನಮ್ಮ ಬೀದಿಯಲ್ಲೇ ಸರಸ್ವತಕ್ಕ ಎಂಬ ನರ್ಸು ಇದ್ದಳು. ಹೆಗ್ಗಾರಿನ ಹವ್ಯಕರ ಮನೆಯವಳು, 'ನಾನು' ಎನ್ನಲು 'ಆನು' ಎನ್ನುವವಳು, ಚಿಕ್ಕ ವಯಸ್ಸಿನಲ್ಲೇ ಗಂಡ ಹೋದ ಮೇಲೆ ಹಟ ಹಿಡಿದು ಸೂಲಗಿತ್ತಿ ತರಬೇತಿ ಮಾಡಿ ಬಂದವಳು. ಅವಲಕ್ಕಿ ಕೊಡುವ ನೆವದಲ್ಲಿ ಅವಳ ಮನೆಗೆ ಹೋದೆ. ಮಲಗಿಸಿ ಹೊಟ್ಟೆ ಒತ್ತಿದಳು. ಬಲಗಡೆ ಬಂದಾಗ ನಾನು ಮೀನಿನ ಹಾಗೆ ಹಾರಿದೆ. ಅವಳ ಮುಖ ಗಂಭೀರವಾಯಿತು.

"ಎಂತಾ ಅಕ್ಕ, ನಂದು ಮೊದಲನೇದೂ ಹಿಂಗ ಆಗಿತ್ತಲ್ಲ. ಏನೂ ಆಗಂಗಿಲ್ಲ, ಹೌದಲ್ರಿ?" ಎಂದೆ.

"ರಕ್ತ ಕಂಡ ಕೂಡ್ಲೆ ಹೋತು ಹೇಳಿ ಅಳದೂ ಬ್ಯಾಡ, ಎಂತ ಆಗ್ತಿಲ್ಲೆ ಹೇಳಿ ನಗದೂ ಬ್ಯಾಡ" ಎಂದಳು ಸರಸ್ವತಕ್ಕ ಕೈ ತೊಳೆಯುತ್ತ. "ಸುಮಾರು ಜನಕ್ಕೆ ಎರಡು ದಿನ ಕಂಡು ನಿಲ್ತು, ಮಗು ಚಲೋ ಇರ್ತು. ಕೆಲವರಿಗೆ ಹೋಗ್ತು. ಅಪರೂಪಕ್ಕೆ ಮಗು ಜಾಗ ತಪ್ಪಿ ಕೂತಿರ್ತು. ನಿಂದು ಯಾವ್ದು ಹೇಳಿ ಯಂಗೆ ಗೊತ್ತಿಲ್ಲೆ. ಅದಕ್ಕೇ ನಾಳೆ ಬೆಳಿಗ್ಗೆನೇ ಆಸ್ಪತ್ರೆಗೆ ಹೋಗವು."

ನನಗೆ ಆ 'ಗೊತ್ತಿಲ್ಲೆ' ಎಂಬ ಮಾತು ಹಿಡಿಸಲಿಲ್ಲ. ಮಾಲಿನ ವಿಷಯ ತನಗೇ ಗೊತ್ತಿಲ್ಲ ಎನ್ನುವ ವ್ಯಾಪಾರಿಯ ಹತ್ತಿರ ಯಾರು ಕೊಳ್ಳುತ್ತಾರೆ?

"ನಾಳೆ ಆಗಂಗಿಲ್ಲಕ್ಕ. ಭತ್ತ ನೆನಸಿಟ್ಟೇನಿ, ನಾಳೆ ಹುರಿಬೇಕು. ಭಾನುವಾರ ಯಲ್ಲಾಪುರ. ಮುಂದಿನ ಗುರುವಾರ ಹೋಗ್ತೀನಿ."

"ಗುರುವಾರ? ತಲೆ ಸಮಾ ಇದ್ದ ನಿಂಗೆ? ನಾಳೆ."

"ಬುಧವಾರ."

"ಇದು ಅವಲಕ್ಕಿ ಅಲ್ದೇ ಮಾರಾಯ್ತಿ! ನಾಳೆ ಅಂದ್ರೆ ನಾಳೆ."

"ಸೋಮವಾರ. ಸಂತಿಯಿಂದ ಬಂದ ಮರುದಿವಸನೇ. ನೀವೂ ಸ್ವಲ್ಪ ಇಳೀರಿ, ನಾನೂ ಸ್ವಲ್ಪ ಏರ್ತೀನಿ."

ಅವಳು ಸೋತು ಕೈಚೆಲ್ಲಿದಳು. "ಸೋಮವಾರ ಬೆಳಿಗ್ಗೆ ಎಂಟಕ್ಕೆ ಆನೇ ಕರ್ಕಂಡು ಹೋಗ್ತಿ. ಭಾರ ಎತ್ತಡ. ನೋವು ಜಾಸ್ತಿ ಆದ್ರೆ, ತಲೆ ತಿರುಗಿದ್ರೆ, ನಿಂತ ಕಾಲ ಮೇಲೆ ಬಾ. ಕೇಳ್ತಾ?"

"ಕೇಳ್ತು" ಎಂದು ನಗುತ್ತ ಹೊರಬಿದ್ದೆ. ಗುರುವಾರದಿಂದ ಹೊರಟು ಸೋಮವಾರಕ್ಕೆ ನಿಲ್ಲಿಸಿದೆನಲ್ಲ, ಒಳ್ಳೆಯ ಚೌಕಾಶಿ ಎಂದುಕೊಂಡೆ. ಇಷ್ಟು ವರ್ಷದ ವ್ಯಾಪಾರದಲ್ಲಿ ನನ್ನ ಜೀವಕ್ಕೇ ಎರವಾಗಬಹುದಾಗಿದ್ದ ಗೆಲುವು ಅದೊಂದೇ.

ಮನೆಯಲ್ಲಿ ಗಂಡನಿಗೆ "ಸ್ವಲ್ಪ ಕಂಡದ" ಎಂದಷ್ಟೇ ಹೇಳಿದೆ. ಅವನು ತಲೆಯಾಡಿಸಿದ. ಅತ್ತೆಗೆ ಹೇಳಲೇ ಇಲ್ಲ. ಹೇಳಿದರೆ ಮತ್ತೆ ಓಣಿಗೆಲ್ಲ ಸಾರುತ್ತಾಳೆ ಎಂಬ ಭಯ. ಹೀಗೆ ಮುಚ್ಚಿಡುವುದರಲ್ಲಿ ನಮ್ಮ ಹೆಂಗಸರು ಎಷ್ಟು ಜಾಣರೋ!

ಭಾನುವಾರ ಬೆಳಿಗ್ಗೆ ಗಫಾರನ ಲಾರಿಯಲ್ಲಿ ಚೀಲ ಹೇರಿ ಹೊರಟೆವು. ಗಫಾರ ಶಿರಸಿಯವನೇ, ನಮ್ಮ ಹಿಂದಿನ ಓಣಿಯವನು. ನಮ್ಮನ್ನು ಯಲ್ಲಾಪುರದಲ್ಲಿ ಇಳಿಸಿ, ಅಲ್ಲಿ ಬೇರೆ ಲೋಡು ತುಂಬಿಸಿಕೊಂಡು ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗುವುದು ಅವನ ರೂಢಿ. ಮಂಚಿಕೇರಿ ದಾಟುವಾಗ ಲಾರಿ ಕುಣಿದಾಗಲೆಲ್ಲ ಬಲಗಡೆಯ ನೋವು ಸೂಜಿಯಿಂದ ಚಾಕುವಾಗುತ್ತಿತ್ತು. ಗಫಾರನ ಮುಂದೆ ಹೇಳುವುದು ಹೇಗೆ? "ಪಿತ್ತ" ಎಂದೆ. ಅವನು ಒಂದು ನಿಂಬೆಹಣ್ಣು ಕೊಟ್ಟ.

ಸಂತೆಯಲ್ಲಿ ಕೂತು ವ್ಯಾಪಾರ ಶುರುಮಾಡಿದೆ. ಹತ್ತೂವರೆಯ ಹೊತ್ತಿಗೆ ಒಬ್ಬ ಗಿರಾಕಿಯ ಹತ್ತಿರ ಜಗಳವಾಡುತ್ತಿದ್ದೆ. "ಗಟ್ಟಿ ಅವಲಕ್ಕಿ ಅಲ್ಲ ಇದು, ತೆಳ್ಳಂದು" ಎಂದು ಅವನು, "ಬಾಯಾಗ ಹಾಕಿ ಹೇಳ್ರಿ, ಕಣ್ಣಾಗ ಅಲ್ಲ" ಎಂದು ನಾನು. ಆಗ ಹೊಟ್ಟೆಯೊಳಗೆ ಏನೋ ಪಟ್ಟೆಂದು ಹರಿಯಿತು. ನಿಜವಾಗಿ ಸದ್ದು ಕೇಳಿಸಿದ ಹಾಗೆಯೇ ಆಯಿತು. ನೆತ್ತಿಯಿಂದ ಬೆವರು ಇಳಿಯಿತು. ಕಕ್ಕಸಿಗೆ ಹೋಗಬೇಕು ಅನ್ನಿಸಿತು, ಎದ್ದೆ, ಸಂತೆಯೆಲ್ಲ ಬೆಳ್ಳಗಾಯಿತು.

ಕಣ್ಣು ಬಿಟ್ಟಾಗ ಚೀಲಗಳ ಮೇಲೆ ಮಲಗಿದ್ದೆ. ಯಾರೋ ಈರುಳ್ಳಿ ಒಡೆದು ಮೂಗಿಗೆ ಹಿಡಿದಿದ್ದರು. ವಿಚಿತ್ರವೆಂದರೆ ಹೊಟ್ಟೆಗಿಂತ ಹೆಚ್ಚು ನೋಯುತ್ತಿದ್ದದ್ದು ಬಲಭುಜ. ಭುಜದ ತುದಿ, ಚೀಲ ಹೊತ್ತವರಿಗೆ ನೋಯುವ ಜಾಗ. ಆದರೆ ನಾನು ಆ ದಿನ ಚೀಲ ಮುಟ್ಟಿರಲಿಲ್ಲ. ಬಟ್ಟೆ ನೋಡಿಕೊಂಡೆ. ರಕ್ತ ಅಷ್ಟೇ, ನಾಲ್ಕು ಹನಿ. ಹಾಗಾದರೆ ಇದು ಬಸುರಿನದಲ್ಲ, ಬಿಸಿಲಿನದು ಎಂದು ನನ್ನ ತಲೆ ಇನ್ನೂ ಚೌಕಾಶಿ ನಡೆಸಿಯೇ ಇತ್ತು.

ನನ್ನ ಗಂಡ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದ. ಒಳಗೆ ಅವಲಕ್ಕಿಯಷ್ಟೇ ಬಿಳುಪಿತ್ತಂತೆ. ತಕ್ಕಡಿ, ಚೀಲ, ಗಿರಾಕಿ ಎಲ್ಲವನ್ನೂ ಅಲ್ಲೇ ಬಿಟ್ಟು ಓಡಿದ. ಲೋಡು ತುಂಬಿಸಿಕೊಂಡು ಇನ್ನೇನು ಹೊರಡಲಿದ್ದ ಗಫಾರನನ್ನು ಹಿಡಿದು ತಂದ.

"ಗಫಾರಭಾಯಿ, ನಿಮಗ ಘಟ್ಟ ಇಳಿಯೋದೈತಿ, ನಮಗೊಂದು ಬೇರೆ ಗಾಡಿ..." ಎಂದು ನನ್ನ ಗಂಡ ತೊದಲಿದ.

"ಘಟ್ಟ ನಾಳೆ ಇಳೀತೀನಿ. ಘಟ್ಟ ಎಲ್ಲಿ ಓಡಿ ಹೋಗ್ತದೆ?" ಎಂದ ಗಫಾರ. "ಅಕ್ಕನ್ನ ಎತ್ತು."

ತುಂಬಿದ ಲಾರಿಯನ್ನು ಅಲ್ಲೇ ಸಂತೆಯ ನಡುವೆ ತಿರುಗಿಸಿದ. ಮಡಕೆಯವನ ಎರಡು ಮಡಕೆ ಒಡೆದವು. ಮಡಕೆಯವನು ಬೈಯಲಿಲ್ಲ.

ಈಗ ನಾನು ಹೇಳುವುದನ್ನು ನಂಬುವುದಾದರೆ ನಂಬಿ. ಯಲ್ಲಾಪುರದಲ್ಲಿ ಆಗ ದೊಡ್ಡ ಆಸ್ಪತ್ರೆ ಇರಲಿಲ್ಲ, ಶಿರಸಿಗೆ ಮೂವತ್ತು ಮೈಲು. ದಿನಕ್ಕೆ ಹತ್ತು ಮಾತಾಡುವ ನನ್ನ ಗಂಡ ಆ ಮೂವತ್ತು ಮೈಲೂ ಬಾಯಿ ಮುಚ್ಚಲಿಲ್ಲ. ನನ್ನ ತಲೆ ಅವನ ತೊಡೆಯ ಮೇಲಿತ್ತು. ನನಗೆ ಕಣ್ಣು ಎಳೆಯುತ್ತಿತ್ತು, ಬಾವಿಗೆ ಕೊಡ ಇಳಿದ ಹಾಗೆ ತಣ್ಣಗೆ ಒಳಗೊಳಗೆ ಇಳಿಯುತ್ತಿದ್ದೆ. ಅವನು ನನ್ನ ಕೆನ್ನೆ ತಟ್ಟಿದ.

"ಅಕ್ಕಾರ, ಅವಲಕ್ಕಿ ಹೆಂಗ ಕೊಡ್ತೀರಿ?"

ನಾನು ಇನ್ನೊಂದು ಮೊಳ ಕೆಳಗಿಳಿದೆ.

"ಅಕ್ಕಾರ, ನಿಮ್ಮನ್ನ ಕೇಳಾಕ ಹತ್ತೀನಿ. ಆಚಿ ಅಂಗಡ್ಯಾಗ ಇದರ ಅರ್ಧಕ್ಕ ಕೊಡ್ತಾರ. ನಿಮ್ಮದೇನು ಬಂಗಾರೇನು?"

"ಅರ್ಧಕ್ಕ?" ಎಂದೆ. ನಾಲಿಗೆ ಮರದ ತುಂಡಿನಂತಿತ್ತು. "ಅರ್ಧಕ್ಕ... ತೌಡು ಬರ್ತದ. ಹೋಗ್ರಿ."

"ಕಲ್ಲು ಭಾಳ ಅದಾವಂತ ನಿಮ್ಮ ಅವಲಕ್ಯಾಗ."

"ನಿನ್ನ... ತಲ್ಯಾಗ ಅದಾವು ಕಲ್ಲು."

ಗಫಾರ ಮುಂದೆ ನೋಡುತ್ತಲೇ ಅಳುತ್ತಿದ್ದ, ನಗುತ್ತಲೂ ಇದ್ದ. "ಭಾಯಿ, ಇನ್ನೂ ಕಮ್ಮಿ ಕೇಳು! ಸಿಟ್ಟು ಬರ್ಲಿ ಅಕ್ಕನಿಗೆ!" ಎಂದು ಕೂಗಿದ. ನನ್ನ ಗಂಡ ಇನ್ನೂ ಕಡಿಮೆ ಕೇಳಿದ. ಅಷ್ಟು ಕೆಟ್ಟ ಗಿರಾಕಿ ನನಗೆ ಜೀವಮಾನದಲ್ಲಿ ಸಿಕ್ಕಿಲ್ಲ. ಒಂದೊಂದು ಸಲವೂ ನಾನು ಬಾವಿಯಿಂದ ಮೇಲೆ ಬಂದು ಅವನಿಗೆ ಬೈದೆ, ಮತ್ತೆ ಇಳಿದೆ, ಮತ್ತೆ ಅವನು ಎಳೆದ. ಶಿರಸಿ ಬಂತು.

ಆಸ್ಪತ್ರೆಯ ಜಗಲಿಯ ಮೇಲೆ ಎರಡು ಬೆಂಚು. ಭಾನುವಾರ, ಡಾಕ್ಟರು ನರ್ಸು ಯಾರೂ ಇಲ್ಲ, ರೋಗಿಗಳ ಕಡೆಯ ನಾಲ್ಕು ಗಂಡಸರು ಕೂತಿದ್ದರು ಅಷ್ಟೆ. ಕಾವಲಿನವನು ಹೆಸರು ಬರೆಸಬೇಕು ಎಂದ. "ಏನು ಕಾಯಿಲೆ?" ಎಂದು ಕೇಳಿದ. ನನ್ನ ಗಂಡ ಆ ನಾಲ್ಕು ಜನ ಗಂಡಸರ ಮುಂದೆ, ಕಟ್ಟೆ ಒಡೆದ ಹಾಗೆ, "ನನ್ನ ಹೇಣ್ತಿಗೆ ಬಸುರಿನಾಗ ರಕ್ತ ಹೊಂಟೈತಿ" ಎಂದು ಕೂಗಿದ. ಮೂರು ದಿನ ನಾನು ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದ ಗುಟ್ಟು ಅದು. ಕೇಳಿದ ನಾಲ್ವರಲ್ಲಿ ಒಬ್ಬನೂ ನಗಲಿಲ್ಲ. ಒಬ್ಬ ಮುದುಕ ತನ್ನ ಕಂಬಳಿ ಬೆಂಚಿನ ಮೇಲೆ ಹಾಸಿದ. ಇನ್ನೊಬ್ಬ ಡಾಕ್ಟರ ಮನೆಗೆ ಓಡಿದ. ಗಂಡ ಮತ್ತೊಬ್ಬನನ್ನು ಕಳಿಸಿ ಕರೆಸಿದ ಮೇಲೆ ಸರಸ್ವತಕ್ಕನೂ ಬಂದಳು. ನನ್ನ ಮುಖ ನೋಡಿ ಅವಳು "ಸೋಮವಾರ" ಎಂಬ ಮಾತು ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು. ಆಪರೇಷನ್ನಿಗೆ ಒಯ್ಯುವ ಮೊದಲು ಬಿಚ್ಚುವ ಹಾಗೆ ನನ್ನ ಕಾಲುಂಗುರ ಬಿಚ್ಚತೊಡಗಿದಳು. ಆಗ ನನಗೆ ಮೊದಲ ಬಾರಿಗೆ ತಿಳಿಯಿತು, ಇದು ಸಾವು ಇರಬಹುದು.

ಲೇಡಿ ಡಾಕ್ಟರು ಒದ್ದೆ ಕೂದಲಿನಲ್ಲೇ ಬಂದರು. ಧಾರವಾಡದ ಕಡೆಯವರು, ಶಿರಸಿಗೆ ಬಂದು ವರ್ಷವಾಗಿತ್ತಷ್ಟೇ. ನಾಡಿ ಹಿಡಿದರು, ಭುಜದ ನೋವು ಕೇಳಿದರು. "ಭುಜದ ನೋವಾ? ಯಾವಾಗಿನಿಂದ?" ಎಂದು ಎರಡು ಸಲ ಕೇಳಿದಾಗ ನನಗೆ ಸೋಜಿಗ, ಹೊಟ್ಟೆ ಬಿಟ್ಟು ಭುಜವನ್ನೇಕೆ ಕೇಳುತ್ತಾರೆ ಎಂದು. ಹೊಟ್ಟೆಯೊಳಗೆ ರಕ್ತ ತುಂಬಿದರೆ ಭುಜ ನೋಯುತ್ತದೆ ಎಂದು ಆಮೇಲೆ ಹೇಳಿದರು. ಇದನ್ನು ನೆನಪಿಟ್ಟುಕೊಳ್ಳಿ. ಹೇಳುವವರು ಕಡಿಮೆ.

ಆಮೇಲೆ ಅವರು ಒಂದು ಉದ್ದ ಸೂಜಿ ತೆಗೆದುಕೊಂಡರು. "ಸ್ವಲ್ಪ ತಡ್ಕೋ" ಎಂದು ಕೆಳಗಿನಿಂದಲೇ ಒಳಕ್ಕೆ ಚುಚ್ಚಿ ಎಳೆದರು. ಕಪ್ಪುಗೆಂಪು ರಕ್ತ ಸೂಜಿಯ ಗಾಜಿನೊಳಗೆ ಸರಸರನೆ ಏರಿತು. ಅದನ್ನು ಒಂದು ಬಟ್ಟಲಿಗೆ ಹಾಕಿ, ಬೆಳಕಿಗೆ ಹಿಡಿದು ಅಲುಗಿಸುತ್ತ ಕಾಯುತ್ತ ನಿಂತರು. ಹೆಪ್ಪುಗಟ್ಟಲಿಲ್ಲ. ನರದಿಂದ ಬಂದದ್ದಾದರೆ ಹೆಪ್ಪುಗಟ್ಟುತ್ತಿತ್ತು, ಇದು ಹೊಟ್ಟೆಯೊಳಗೆ ಸೋರಿ ನಿಂತ ರಕ್ತ ಎಂದು ಆಮೇಲೆ ಹೇಳಿದರು.

ನನಗೆ ಅರ್ಥವಾಯಿತು. ಡಾಕ್ಟರು ಒಂದು ಮಾತು ಆಡುವ ಮೊದಲೇ ಅರ್ಥವಾಯಿತು. ಅದು ನನ್ನ ಕೊಳವೆ. ಚೀಲದ ಬಾಯಲ್ಲಿ ನಾಲ್ಕು ಹನಿ, ತಳದಲ್ಲಿ ಎಲ್ಲ ನೀರು ಹಿಡಿದು ಹೋಗಿತ್ತು. ಸಾವಿರ ಚೀಲ ಚುಚ್ಚಿ ನೋಡಿದವಳು ನನ್ನದೇ ಚೀಲದ ಬಾಯಿ ನೋಡಿ ಮೂರು ದಿನ ನಂಬಿದ್ದೆ.

"ಮಗು ಗರ್ಭಕೋಶದಲ್ಲಿಲ್ಲಮ್ಮ. ಪಕ್ಕದ ನಳಿಕೆಯಲ್ಲಿ ಕೂತಿತ್ತು. ನಳಿಕೆ ಒಡೆದಿದೆ. ಈಗಲೇ ಹೊಟ್ಟೆ ತೆರೀಬೇಕು" ಎಂದರು.

"ಮಗು..."

"ಅದು ಅಲ್ಲಿ ಬೆಳೆಯೋದೇ ಇಲ್ಲ. ಯಾರೂ ಉಳಿಸೋಕೆ ಆಗಲ್ಲ. ನಿನ್ನನ್ನ ಉಳಿಸೋಣ."

ನಂಬುತ್ತೀರಾ, ಆಗಲೂ ನನ್ನ ಬಾಯಿ ಸುಮ್ಮನಿರಲಿಲ್ಲ. "ನಾಳಿ ಮಾಡಿದ್ರ ಆಗಂಗಿಲ್ಲೇನ್ರಿ? ಮಗಳು ಮನ್ಯಾಗ ಅತ್ತಿ ಹತ್ರ ಅದಾಳ. ಹೇಳಿ ಬಂದಿಲ್ಲ" ಎಂದೆ.

ಡಾಕ್ಟರು ನನ್ನ ಕೈ ಹಿಡಿದರು. "ಪಾರ್ವತಿ, ನಾಳೆ ಅನ್ನೋದು ನಿನ್ನ ಹತ್ತಿರ ಇಲ್ಲ."

ಎದುರಿಗೆ ನಿಂತವರು ಒಂದೇ ಬೆಲೆ ಹೇಳಿ ಮೂಟೆ ಕಟ್ಟಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ನಾನು ಬಾಯಿ ಮುಚ್ಚಿದೆ. ಕಾಗದಕ್ಕೆ ಗಂಡ ಸಹಿ ಹಾಕಿದ.

ರಕ್ತ ಬೇಕಿತ್ತು. ಗಂಡನ ರಕ್ತ ನನ್ನದಕ್ಕೆ ಕೂಡಲಿಲ್ಲ. ಗಫಾರ ತೋಳು ಮಡಚಿ ನಿಂತ, ಅವನದೂ ಕೂಡಲಿಲ್ಲ. "ಹುಬ್ಬಳ್ಳಿಗೆ ಹೋಗಿ ತರ್ಲಾ? ಈಗ ಹೋದ್ರೆ ಸಂಜೆಗೆ ಬರ್ತೀನಿ" ಎಂದನಂತೆ. ಅಷ್ಟು ಹೊತ್ತು ಇಲ್ಲ ಎಂದರಂತೆ ಡಾಕ್ಟರು. ಪ್ರಜ್ಞೆ ತಪ್ಪಿಸಲು ಮುಖದ ಮೇಲೆ ಮುಸುಕು ಹಾಕಿದರು, ಸಿಹಿಯಾದ ಕೆಟ್ಟ ವಾಸನೆ, ಸರಸ್ವತಕ್ಕ ಕಿವಿಯಲ್ಲಿ "ಆನು ಇಲ್ಲೇ ಇದ್ದಿ" ಎಂದದ್ದೊಂದು ನೆನಪು.

ಎಚ್ಚರವಾದಾಗ ಮಂಚದ ಪಕ್ಕದಲ್ಲಿ ಬಾಟಲಿ ತೂಗುತ್ತಿತ್ತು. ಕೆಂಪು ಬಾಟಲಿ. "ಯಾರ ರಕ್ತ?" ಎಂದು ಕೇಳಿದೆ. ಅದೇ ನನ್ನ ಮೊದಲ ಮಾತಂತೆ. ಯಾರ ಋಣದಲ್ಲಿದ್ದೇನೆ ಎಂದು ತಿಳಿದುಕೊಳ್ಳದೆ ನನಗೆ ನಿದ್ದೆ ಬರುವುದಿಲ್ಲ.

"ನಿಂದೇ" ಎಂದಳು ಸರಸ್ವತಕ್ಕ.

ಹೊಟ್ಟೆಯೊಳಗೆ ತುಂಬಿದ್ದ ರಕ್ತವನ್ನು ಡಾಕ್ಟರು ಬಟ್ಟಲಲ್ಲಿ ಮೊಗೆದು, ತೊಳೆದು ಕುದಿಸಿದ ತೆಳುಬಟ್ಟೆಯ ಎಂಟು ಮಡಿಕೆಯಲ್ಲಿ ಸೋಸಿ, ಹೆಪ್ಪುಗಟ್ಟದಂತೆ ಔಷಧ ಬೆರೆಸಿ, ಬಾಟಲಿಗೆ ತುಂಬಿ, ತಿರುಗಿ ನನ್ನ ಕೈಯ ನರಕ್ಕೇ ಹರಿಸಿದ್ದರು. ಬೇರೆ ದಾರಿ ಇಲ್ಲದಾಗ ಹಾಗೆ ಮಾಡುತ್ತಾರಂತೆ. ನಾನು ಆ ಬಾಟಲಿಯನ್ನೇ ನೋಡುತ್ತ ಮಲಗಿದೆ. ನನ್ನಿಂದ ಹೋದದ್ದು ನನಗೇ ತಿರುಗಿ ಬರುತ್ತಿತ್ತು, ಹನಿ ಹನಿಯಾಗಿ. ಒಂದನ್ನು ಬಿಟ್ಟು. ಅದೊಂದು ಮಾತ್ರ ಯಾವ ಬಟ್ಟೆಯಲ್ಲಿ ಸೋಸಿದರೂ ಬರುವ ಹಾಗಿರಲಿಲ್ಲ. ಆಗ ಅಳು ಬಂತು. ಹೊಲಿಗೆಗಳ ಕಾರಣ ಜೋರಾಗಿ ಅಳುವಂತೆಯೂ ಇರಲಿಲ್ಲ. ಕಣ್ಣಿನಿಂದ ಮಾತ್ರ ಅತ್ತೆ.

ಮರುದಿನ ನಮ್ಮತ್ತೆ ಬಂದಳು. ನನಗೆ ಅವಳ ಬಾಯಿಯದೇ ಭಯ. ಬಾಗಿಲಲ್ಲೇ ನಿಂತು ಸರಸ್ವತಕ್ಕನನ್ನು ಕೇಳಿದಳು, "ಎಲ್ಲಿ ಇಟ್ಟೀರಿ ಅದನ್ನ?" ಹೂಳಲು ಏನೂ ಇರಲಿಲ್ಲ ಎಂದು ಸರಸ್ವತಕ್ಕ ಹೇಳಿದಳು. ಅತ್ತೆ ನನ್ನ ತಲೆದಿಂಬಿನ ಹತ್ತಿರ ಬಂದು ಕೂತಳು. ನನ್ನ ಜಡೆ ಬಿಚ್ಚಿದಳು. ಸಂತೆಯ ಧೂಳು, ಲಾರಿಯ ಧೂಳು, ಎಲ್ಲ ಗಂಟು. ಒಂದೊಂದೇ ಗಂಟು ಬಿಡಿಸುತ್ತ ಬಾಚಿದಳು.

"ನಂಗ ಯಾಕ ಹೇಳ್ಲಿಲ್ಲ?" ಎಂದಳು.

"ನೀವು ಓಣಿಗೆಲ್ಲ ಸಾರ್ತೀರಿ."

"ಸಾರಿದ್ದಕ್ಕ ಮೊದಲನೇ ಸಲ ಓಣಿಯವರೆಲ್ಲ ಕೂಡಿ ನಿನ್ನ ಐದು ದಿನ ಎದ್ದೇಳಾಕ ಬಿಡ್ಲಿಲ್ಲ, ಗೊತ್ತೈತಿಲ್ಲ?" ಎಂದಳು ಅತ್ತೆ. "ಈ ಸಲ ಸಾರಿದ್ರ ಯಲ್ಲಾಪುರಕ್ಕ ಹೋಗಾಕರೆ ಯಾರು ಬಿಡ್ತಿದ್ರು?"

ಅವಳು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಎರಡು ಕೂಸು ಹೀಗೇ ಕಳೆದುಕೊಂಡಿದ್ದಳೆಂದು ಆ ದಿನ ಹೇಳಿದಳು. ಅಷ್ಟು ವರ್ಷ ಒಂದೇ ಒಲೆಯಲ್ಲಿ ಉಂಡು ನನಗೆ ಅದು ಗೊತ್ತಿರಲಿಲ್ಲ. ಅಷ್ಟು ಸಾರುವವಳು ಅದೊಂದನ್ನು ಸಾರಿರಲಿಲ್ಲ.

ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದೆ. ಹೊರಡುವ ದಿನ ಡಾಕ್ಟರನ್ನು ಕೇಳಿದೆ, ಇನ್ನೊಂದು ಆಗುತ್ತದೆಯೇ ಎಂದು. "ಒಂದು ನಳಿಕೆ ಚೆನ್ನಾಗಿದೆ. ಆಗಬಹುದು. ಆಗದೇನೂ ಇರಬಹುದು. ನನಗೆ ಗೊತ್ತಿಲ್ಲ. ತಿಂಗಳು ತಪ್ಪಿದ ಕೂಡಲೇ ಮಾತ್ರ ಬಾ, ಸಂತೆ ಮುಗಿಸಿ ಅಲ್ಲ" ಎಂದರು. ಈ ಸಲ ಆ 'ಗೊತ್ತಿಲ್ಲ' ನನಗೆ ಸಿಟ್ಟು ತರಿಸಲಿಲ್ಲ. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಿ, ಆದರೂ ಒದ್ದೆ ಕೂದಲಲ್ಲಿ ಓಡಿಬಂದವರು ಅವರು. ನನಗೆ ಮತ್ತೆ ಆಗಲಿಲ್ಲ. ಗಿರಿಜಾ ಒಬ್ಬಳೇ. ಅವಳು ಸಾಕು ಎಂದು ಹೇಳಲು ನನಗೆ ಎರಡು ವರ್ಷ ಬೇಕಾಯಿತು. ಒಮ್ಮೊಮ್ಮೆ ಈಗಲೂ ಸಾಕೆನಿಸುವುದಿಲ್ಲ.

ಗಾಯ ಮಾಯ್ದ ಮೇಲೆ ಒಂದು ಕೆಲಸ ಮಾಡಿದೆ. "ಏನೂ ಆಗಂಗಿಲ್ಲ" ಎಂದು ಯಾರ್ಯಾರಿಗೆ ಹೇಳಿದ್ದೆನೋ ಅವರ ಮನೆಗಳಿಗೆ ಹೋದೆ. ಕೆಟ್ಟ ಮಾಲು ಮಾರಿದ್ದರೆ ತಿರುಗಿ ತೆಗೆದುಕೊಳ್ಳಬೇಕು, ಅದು ನಮ್ಮ ಧರ್ಮ. ಮೂವರ ಮಕ್ಕಳು ಅಂಗಳದಲ್ಲಿ ಆಡುತ್ತಿದ್ದವು. ಅವರು ನಗುತ್ತ ಚಹಾ ಕೊಟ್ಟರು, ನಾನೇಕೆ ಬಂದೆ ಎಂದೇ ಅವರಿಗೆ ತಿಳಿಯಲಿಲ್ಲ. ನಾಲ್ಕನೆಯವಳದು ಉಳಿದಿರಲಿಲ್ಲ. ಅವಳು ಬಾಗಿಲಲ್ಲೇ ನಿಂತು ಕೇಳಿ, "ಅದು ಹೋಗೋದಿತ್ತು, ಹೋತು ಪಾರಕ್ಕ. ಆದರ ನೀ ಹಂಗ ಹೇಳಿದ್ದಕ್ಕ, ಹೋದಾಗ ನಂದೇ ತಪ್ಪಂತ ತಿಳಕೊಂಡಿದ್ದೆ" ಎಂದಳು. ಆ ಮಾತು ನನ್ನ ಹೊಲಿಗೆಗಿಂತ ಆಳಕ್ಕೆ ಹೋಗಿದೆ. ಅದಕ್ಕೇ ಬರೆಯುತ್ತಿದ್ದೇನೆ: ನಿಮ್ಮದು ಹೋದರೆ, ನೀವು ಎತ್ತಿದ ಕೊಡದಿಂದ ಹೋಗಲಿಲ್ಲ, ಹತ್ತಿದ ಮೆಟ್ಟಿಲಿನಿಂದ ಹೋಗಲಿಲ್ಲ. ಡಾಕ್ಟರನ್ನು ಕೇಳಿಯೇ ಹೇಳುತ್ತಿದ್ದೇನೆ.

ಇದಾಗಿ ಎರಡು ವರ್ಷದ ಮೇಲೆ, ಒಂದು ಮಂಗಳವಾರ, ಸಂತೆ ತುಂಬಿದ ಹೊತ್ತಿನಲ್ಲಿ ಗಫಾರನ ಹೆಂಡತಿ ಹಸೀನಾ ಅಂಗಡಿಯ ಒಳಗೇ ಬಂದು ನನ್ನ ಬೆನ್ನ ಹಿಂದೆ ಕೂತಳು. ಗಫಾರ ಆ ದಿನ ಘಟ್ಟದ ಕೆಳಗಿದ್ದ. ಅವಳಿಗೆ ಎರಡು ತಿಂಗಳು. ಬುರ್ಖಾ ಸರಿಸಿ ನನ್ನ ಕಿವಿಯಲ್ಲಿ ಹೇಳಿದಳು. ಹೇಳಿ, ನನ್ನ ತೋಳು ಹಿಡಿದಳು.

"ಅಕ್ಕಾ, ನಿಮಗೆ ಗಿರಿಜಾ ಟೈಮಿಗೆ ಹೀಗೇ ಆಗಿತ್ತಲ್ಲ? ಏನೂ ಆಗಲ್ಲ ಅಲ್ವಾ? ಏನೂ ಆಗಲ್ಲ ಅಂತ ಹೇಳಿ."

ಎದುರಿಗೆ ಆರು ಗಿರಾಕಿಗಳು. ತಕ್ಕಡಿಯ ಒಂದು ತಟ್ಟೆ ಮೇಲೆ, ಒಂದು ಕೆಳಗೆ. ಹೇಳಿಬಿಡಲೇ ಅನ್ನಿಸಿತು. ಆ ಮುಖ ನೋಡಿದರೆ ಯಾರಿಗಾದರೂ ಅನ್ನಿಸುತ್ತದೆ.

"ನಂಗ ಗೊತ್ತಿಲ್ಲ" ಎಂದೆ. "ಏಳು, ನಡಿ."

ತೂಗುತ್ತಿದ್ದ ಗಂಡ ನನ್ನ ಮುಖ ನೋಡಿ ಗಿರಾಕಿಗಳ ಕಡೆ ತಿರುಗಿದ.

ಹಸೀನಾಳ ಮಗು ಉಳಿಯಿತು. ಅದನ್ನು ಈಗಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸುವುದಿಲ್ಲ. ಕಾಯುವುದು ಏನೆಂದು ನನಗೆ ಗೊತ್ತು. ಆದರೆ ಆ ಮಧ್ಯಾಹ್ನ, ಆಸ್ಪತ್ರೆಯ ಅದೇ ಜಗಲಿಯ ಅದೇ ಬೆಂಚಿನ ಮೇಲೆ ಕೂತಿದ್ದಾಗ, ಅದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಒಳಗೆ ಡಾಕ್ಟರು ಬೇರೆ ಯಾರನ್ನೋ ನೋಡುತ್ತಿದ್ದರು. ಹಸೀನಾಳ ಬೆರಳು ಮಂಜಿನಂತೆ ತಣ್ಣಗಿದ್ದವು. ಬಾಗಿಲು ನೋಡುತ್ತಾಳೆ, ನನ್ನನ್ನು ನೋಡುತ್ತಾಳೆ.

"ಏನಾದ್ರೂ ಮಾತಾಡಿ ಅಕ್ಕಾ. ನೀವು ಸುಮ್ನೆ ಕೂತ್ರೆ ನನಗೆ ಇನ್ನೂ ಡರ್ ಆಗ್ತದೆ."

ಧೈರ್ಯ ಮಾರಲು ನನ್ನ ಹತ್ತಿರ ಮಾಲು ಇರಲಿಲ್ಲ. ಅವಳ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಬೀಬಿ" ಎಂದೆ, "ನಿಮ್ಮ ಅಂಗಡ್ಯಾಗ ಅವಲಕ್ಕಿ ಹೆಂಗ ಕೊಡ್ತೀರಿ?"

ಅವಳು ಕಣ್ಣು ಪಿಳಿಪಿಳಿ ಮಾಡಿದಳು. ಗಫಾರ ಆ ಲಾರಿಯ ಕಥೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದ್ದನೋ. ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಬಾಯಿಗೆ ಬಂದ ಒಂದು ಬೆಲೆ ಹೇಳಿದಳು.

"ಅಷ್ಟ್ಯಾಕ? ಆಚಿ ಅಂಗಡ್ಯಾಗ ಅರ್ಧಕ್ಕ ಕೊಡ್ತಾರ" ಎಂದೆ.

"ಅರ್ಧಕ್ಕಾ?" ಎಂದಳು ಹಸೀನಾ. "ಹಾಗಾದ್ರೆ ಅಲ್ಲೇ ಹೋಗಿ ತಗೊಳ್ಳಿ, ಅಕ್ಕಾ. ನನ್ನ ಮಾಲು 'ಅರ್ಧ' ಅನ್ನೋವ್ರಿಗೆ ಸಿಗಲ್ಲ."